ಗಂಟಿಲ್ಲದ ದಾರ

ಹೊಳೆದಂಡೆಯ ಆ ಸಣ್ಣ ಮಠದ ಗುರುಗಳು ಸನ್ಯಾಸಿಯಾಗುವ ಮುಂಚೆ ಮೂವತ್ತು ವರ್ಷ ಬಟ್ಟೆ ಹೊಲಿದವರು. ಊರವರು ಅವರನ್ನು ಸಿಂಪಿಗಜ್ಜ ಎಂದೇ ಕರೆಯುತ್ತಿದ್ದರು. ಅವರಿಗೆ ಬೇರೆ ಹೆಸರೊಂದಿತ್ತು. ಅದು ಅವರಿಗೇ ಮರೆತುಹೋಗಿತ್ತು.

ಅಜ್ಜ ಪ್ರವಚನ ಹೇಳಿದ್ದನ್ನು ಯಾರೂ ಕೇಳಿದವರಿಲ್ಲ. ಶಿಷ್ಯನಾಗಬೇಕೆಂದು ಬಂದವನ ಕೈಗೆ ಮೊದಲು ಕಸಬರಿಗೆ ಕೊಡುತ್ತಿದ್ದರು. ಆಮೇಲೆ ನೀರಿನ ಕೊಡ. ಮುಂದೆ ಯಾವತ್ತೋ ಒಂದು ದಿನ ಸೂಜಿ. ಮುಕ್ತಿಯ ದಾರಿ ಕೇಳಲು ಬಂದು, ನೀರು ಹೊತ್ತು ಬೇಸತ್ತು, ಹೇಳದೆ ಕೇಳದೆ ಊರ ಬಸ್ಸು ಹಿಡಿದವರೇ ಹೆಚ್ಚು.

ಮುರಿಗೆಪ್ಪ ಹಾಗೆ ಹೋಗಲಿಲ್ಲ. ನಾಲ್ಕು ವರ್ಷ ನೀರು ಹೊತ್ತ, ಅಂಗಳ ಗುಡಿಸಿದ, ಅಜ್ಜನ ಬಟ್ಟೆ ಒಗೆದ. ಅವನ ಕಣ್ಣು ಇದ್ದದ್ದು ಒಂದೇ ಒಂದರ ಮೇಲೆ.

ಅಜ್ಜ ತಮ್ಮ ನಿಲುವಂಗಿಯನ್ನು ತಾವು ಹೊಲಿದುಕೊಳ್ಳುತ್ತಿರಲಿಲ್ಲ. ಶಿಷ್ಯರಲ್ಲಿ ಒಬ್ಬ ಹೊಲಿಯಬೇಕು, ಅದು ಹರಿಯುವ ತನಕ ಅವರು ಅದನ್ನೇ ತೊಡಬೇಕು. ಇದು ಆ ಮಠದ ರೂಢಿ. ಈಗಿನ ಅಂಗಿ ಮೊಣಕೈಯಲ್ಲಿ ಹರಿದಿತ್ತು. ನೇಕಾರ ಭಕ್ತನೊಬ್ಬ ತಂದುಕೊಟ್ಟ ಹೊಸ ಕಾವಿ ಬಟ್ಟೆ ಮರದ ಪೆಟ್ಟಿಗೆಯಲ್ಲಿ ಕಾದು ಕೂತಿತ್ತು. ಅದನ್ನು ಹೊಲಿಯುವ ಕೈ ತನ್ನದಾಗಬೇಕು ಅನ್ನುವುದೊಂದೇ ಮುರಿಗೆಪ್ಪನ ಆಸೆ. ಅದನ್ನು ಬಿಟ್ಟು ಅವನು ಬೇರೇನನ್ನೂ ಬೇಡಿದವನಲ್ಲ.

ಅಷ್ಟರಲ್ಲಿ ಕಾಡಪ್ಪ ಬಂದ.

ಕಾಡಪ್ಪ ಕುರಿ ಕಾಯುತ್ತಿದ್ದವನು. ದೊಡ್ಡ ಕೈ, ದೊಡ್ಡ ದನಿ. ತುಂಬಿದ ಕೊಡ ಒಡೆದರೂ ನಗುತ್ತಿದ್ದ, ಬೈಸಿಕೊಂಡರೂ ನಗುತ್ತಿದ್ದ. ಇವನು ವಾರ ಉಳಿದರೆ ಹೆಚ್ಚು ಎಂದು ಮುರಿಗೆಪ್ಪ ಲೆಕ್ಕ ಹಾಕಿದ್ದ. ಕಾಡಪ್ಪ ನಾಲ್ಕು ತಿಂಗಳು ಉಳಿದ.

ಒಂದು ಮುಂಜಾನೆ ಅಜ್ಜ ಇಬ್ಬರನ್ನೂ ಕರೆದರು. ಒಂದೇ ಪೊಟ್ಟಣ ಬಿಚ್ಚಿ ಇಬ್ಬರಿಗೂ ಒಂದೊಂದು ಸೂಜಿ ಕೊಟ್ಟರು.

ಮುರಿಗೆಪ್ಪ ತನ್ನ ಅಂಗೈಯಲ್ಲಿದ್ದ ಸೂಜಿ ನೋಡಿದ. ಕಾಡಪ್ಪನ ಅಂಗೈಯಲ್ಲಿದ್ದದ್ದನ್ನೂ ನೋಡಿದ. ನಾಲ್ಕು ವರ್ಷಕ್ಕೂ ಅದೇ ಸೂಜಿ, ನಾಲ್ಕು ತಿಂಗಳಿಗೂ ಅದೇ ಸೂಜಿ. ಅವತ್ತೇ ಅವನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು.

ಹೊಲಿಯಬೇಕಾದದ್ದು ದೊಡ್ಡದೇನಲ್ಲ. ಪ್ರತಿ ಸೋಮವಾರ ಮಠದಲ್ಲಿ ಬಂದವರಿಗೆಲ್ಲ ಊಟ. ಅಡುಗೆಯ ಬಾಳಮ್ಮನ ಹಿಂದೆ ಊರಿನ ಇಬ್ಬರು ಪುಟ್ಟ ಹುಡುಗಿಯರು ಬರುತ್ತಿದ್ದರು, ರುದ್ರವ್ವ ಮತ್ತು ಇಂದವ್ವ. ದೊಡ್ಡವರ ಪಕ್ಕ ಕೂತು ಅಂಗೈಯಗಲದ ರೊಟ್ಟಿ ತಟ್ಟುವುದು ಅವರ ಪಾಲಿಗೆ ಆಟ. ಮನೆಗೆ ಹೋಗುವಾಗ ಮಾತ್ರ ಫ್ರಾಕಿನ ತುಂಬ ಹಿಟ್ಟು, ಅರಿಶಿನ. ಅವರವ್ವಂದಿರ ಬೈಗುಳ ತನಗೆ ಸಾಕಾಗಿದೆ, ಮಕ್ಕಳಿಗೆ ಒಂದೊಂದು ಏಪ್ರನ್ ಹೊಲಿದುಕೊಡಿ ಎಂದು ಬಾಳಮ್ಮ ಅಜ್ಜನ ಬೆನ್ನು ಬಿದ್ದಿದ್ದಳು.

ಎದೆ ಮುಚ್ಚುವ ಒಂದು ತುಂಡು, ಕೊರಳಿಗೆ ಪಟ್ಟಿ, ಸೊಂಟಕ್ಕೆ ಎರಡು ಲಾಡಿ, ಒಂದು ಕಿಸೆ. ಅಷ್ಟೇ. ರುದ್ರವ್ವನದು ಕಾಡಪ್ಪನಿಗೆ, ಇಂದವ್ವನದು ಮುರಿಗೆಪ್ಪನಿಗೆ. ಮಠದಲ್ಲಿ ಉಳಿದಿದ್ದ ಚೌಕಳಿ ಬಟ್ಟೆಯನ್ನು ಅಜ್ಜ ಎರಡು ಪಾಲು ಮಾಡಿ ಕೊಟ್ಟರು. ಹೊಲಿಗೆ ನೋಡಿ ಆಮೇಲೆ ಕಾವಿ ಬಟ್ಟೆಯ ಮಾತಾಡೋಣ ಎಂದರು.

ಅಜ್ಜನ ಹತ್ತಿರ ಅಳತೆಯ ಟೇಪು ಇರಲಿಲ್ಲ. ಅವರದು ದಾರದ ಅಳತೆ. ಯಾರಿಗೆ ಹೊಲಿಯುತ್ತೇವೋ ಅವರನ್ನು ಎದುರಿಗೆ ನಿಲ್ಲಿಸಿಕೊಂಡು, ಕೊರಳಿನಿಂದ ಸೊಂಟಕ್ಕೆ ಒಂದು ಗಂಟು, ಮೊಣಕಾಲಿಗೆ ಒಂದು ಗಂಟು, ಭುಜಕ್ಕೆ, ಸುತ್ತಳತೆಗೆ ಒಂದೊಂದು. ಒಬ್ಬರಿಗೆ ಒಂದು ದಾರ. ಹೊಲಿದು ಮುಗಿದ ಮೇಲೆ ಆ ದಾರವನ್ನು ಬಟ್ಟೆಯ ಜೊತೆಗೇ ಒಪ್ಪಿಸಬೇಕು.

"ದಾರ ಮೊದಲ, ಕತ್ತರಿ ಆಮ್ಯಾಲ," ಎಂದರು ಅಜ್ಜ. ಪಾಠ ಅಲ್ಲಿಗೆ ಮುಗಿಯಿತು.

ಇಂದವ್ವ ಬಂದು ಮುರಿಗೆಪ್ಪನ ಮುಂದೆ ನಿಂತಳು. ಆರು ವರ್ಷದ ಕಡ್ಡಿಯಂಥ ಹುಡುಗಿ. ಯಾರೂ ಹೇಳದಿದ್ದರೂ ಎರಡೂ ತೋಳು ಎತ್ತಿ ನಿಂತಳು.

ಮುರಿಗೆಪ್ಪ ದಾರ ಕೈಗೆತ್ತಿಕೊಂಡ. ಅಷ್ಟರಲ್ಲಿ ಅಂಗಳದ ಆಚೆ ಬದಿಯಿಂದ ನಗು ಕೇಳಿತು. ಕಾಡಪ್ಪ ದಾರದ ಬದಲು ತನ್ನ ಬೆರಳಿಗೇ ಗಂಟು ಹಾಕಿಕೊಂಡಿದ್ದ. ರುದ್ರವ್ವ ಬಿದ್ದು ಬಿದ್ದು ನಗುತ್ತಿದ್ದಳು. ಅಜ್ಜ ಅವರ ಪಕ್ಕದಲ್ಲೇ ಕೂತಿದ್ದರು.

ಮುರಿಗೆಪ್ಪ ದಾರ ಹಿಡಿದುಕೊಂಡೇ ಅತ್ತ ನೋಡಿದ. ಅಜ್ಜ ಏನು ಹೇಳುತ್ತಿದ್ದಾರೆ ಎಂದು ಕಿವಿಗೊಟ್ಟ. ಬಹಳ ಹೊತ್ತಾಯಿತು. ಇಂದವ್ವ ತೋಳು ನೋಯುತ್ತದೆ ಎಂದಳು. ಆಮೇಲೆ ಅಳೆಯುತ್ತೇನೆ, ಈಗ ಆಡಿಕೋ ಹೋಗು ಎಂದು ಅವಳನ್ನು ಕಳಿಸಿಬಿಟ್ಟ.

ಆ ಆಮೇಲೆ ಬರಲೇ ಇಲ್ಲ.

ಮರುದಿನ ಇಬ್ಬರೂ ಚಿಂದಿಯ ಮೇಲೆ ಕೈ ಪಳಗಿಸಿಕೊಂಡರು. ಮುರಿಗೆಪ್ಪನ ಕೈ ಬಲು ಬೇಗ ಪಳಗಿತು. ಸಂಜೆಯ ಹೊತ್ತಿಗೆ ಅವನ ಹೊಲಿಗೆ ಗೆರೆ ಎಳೆದ ಹಾಗೆ ನೇರ ಬಂದಿತ್ತು. ಅಜ್ಜನ ಮುಂದೆ ಹಿಡಿದ. ಅಜ್ಜ ನೋಡಿದರು, ಹ್ಞೂಂ ಎಂದರು, ವಾಪಸು ಕೊಟ್ಟರು.

ಕಾಡಪ್ಪ ಅದೇ ದಿನ ಏಪ್ರನ್ನಿಗೆ ಕಿಸೆ ಹಚ್ಚಿದ. ನಾಲ್ಕೂ ಬದಿ ಹೊಲಿದುಬಿಟ್ಟ. ಒಂದು ಶೇಂಗಾ ಕಾಳನ್ನೂ ಹಾಕಲು ಬಾರದ ಕಿಸೆ. ಅಜ್ಜ ಅದರೊಳಗೆ ಕೈ ಹಾಕಲು ಹೋಗಿ, ಬಾಯಿ ಸಿಗದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಅವನ ಪಕ್ಕ ಕೂತು ಮೇಲಿನ ಹೊಲಿಗೆಯನ್ನು ತಾವೇ ಬಿಚ್ಚಿಕೊಟ್ಟರು.

ಮುರಿಗೆಪ್ಪ ಕಂಬದ ಮರೆಯಲ್ಲಿ ನಿಂತು ನೋಡಿದ. ನಾಲ್ಕು ವರ್ಷದಲ್ಲಿ ಅಜ್ಜ ತನ್ನ ಪಕ್ಕ ಹಾಗೆ ಕೂತದ್ದಿಲ್ಲ. ತಾನು ತಪ್ಪು ಮಾಡಿದವನಲ್ಲ, ಅದಕ್ಕೇ ಕೂತಿಲ್ಲ. ತಪ್ಪು ಮಾಡಿದವನಿಗೆ ನಗು, ಸರಿ ಮಾಡಿದವನಿಗೆ ಹ್ಞೂಂ. ಇದು ಎಲ್ಲಿಯ ನ್ಯಾಯ ಎಂದು ಅವನ ಮೈಯೆಲ್ಲ ಉರಿಯಿತು.

ಕಾಡಪ್ಪನ ಏಪ್ರನ್ ಮೊದಲು ಮುಗಿಯಿತು. ಅಂಚು ಅಂಕುಡೊಂಕು. ಒಂದು ಲಾಡಿ ಉದ್ದ, ಒಂದು ಗಿಡ್ಡ. ಅದರ ಜೊತೆಗೆ ಕೊಳೆಯಾಗಿ ಕರ್ರಗಾದ, ಗಂಟು ಗಂಟಾದ ಒಂದು ದಾರ. ಅಜ್ಜ ಏಪ್ರನ್ ಪಕ್ಕಕ್ಕಿಟ್ಟು ಮೊದಲು ದಾರ ತಗೊಂಡರು. ಒಂದೊಂದೇ ಗಂಟನ್ನು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಏಪ್ರನ್ನನ್ನು ತೊಡೆಯ ಮೇಲೆ ಹಾಸಿಕೊಂಡು ಬಿಸಿಲಿಳಿಯುವ ತನಕ ಹಾಗೇ ಕೂತಿದ್ದರು. ಏಳುವಾಗ ಅದನ್ನು ತಮ್ಮ ನಿಲುವಂಗಿ ತೂಗುಹಾಕುವ ಗೂಟಕ್ಕೇ ಹಾಕಿದರು.

ಆ ಗೂಟಕ್ಕೆ. ಮುರಿಗೆಪ್ಪ ಅವತ್ತು ಉಣ್ಣಲೇ ಇಲ್ಲ.

ಮರುದಿನ ಮಧ್ಯಾಹ್ನ ಕಾಡಪ್ಪ ಹೊಳೆಗೆ ಸ್ನಾನಕ್ಕೆ ಹೋಗಿದ್ದ. ಅಜ್ಜನಿಗೆ ಜೊಂಪು ಹತ್ತಿತ್ತು. ಮುರಿಗೆಪ್ಪ ಏಪ್ರನ್ನನ್ನು ಗೂಟದಿಂದ ತೆಗೆದ. ಹಿಂದೆ ಮುಂದೆ ತಿರುಗಿಸಿ ನೋಡಿದ. ಇದರಲ್ಲಿ ಅಂಥಾದ್ದೇನಿದೆ ಎಂದು ಅವನಿಗೆ ತಿಳಿಯಲಿಲ್ಲ. ಏನಿದ್ದರೂ ಅಜ್ಜನಿಗೆ ಹಿಡಿಸಿದ್ದು ಇದು. ಹಾಗಾದರೆ ಇದೇ ಆಗಲಿ, ಇದಕ್ಕಿಂತ ಚೆನ್ನಾಗಿ ಆಗಲಿ.

ತನ್ನ ಬಟ್ಟೆ ನೆಲಕ್ಕೆ ಹಾಸಿದ. ಅದರ ಮೇಲೆ ಕಾಡಪ್ಪನ ಏಪ್ರನ್ ಇಟ್ಟ. ನೀಲಿ ಸೀಮೆಸುಣ್ಣ ತಗೊಂಡು ಸುತ್ತಲೂ ಗೀಟು ಎಳೆದ. ಗೀಟು ಎಳೆಯುವಾಗ ಎಲ್ಲ ಕಡೆ ಒಂದು ಬೆರಳು ಹೆಚ್ಚಿಗೆ ಬಿಟ್ಟ. ಮಡಚಲಿಕ್ಕೆ ಬೇಕಾದದ್ದು ಬೇರೆ, ಇದು ಬೇರೆ. ಇದು ಕಾಡಪ್ಪನದಕ್ಕಿಂತ ತನ್ನದು ಒಂದು ಬೆರಳಾದರೂ ದೊಡ್ಡದಿರಬೇಕೆಂದು ಬಿಟ್ಟದ್ದು. ಕಿಸೆ ಎಲ್ಲಿದೆ ನೋಡಿಕೊಂಡು ಅಲ್ಲೇ ಗುರುತು ಹಾಕಿದ. ಏಪ್ರನ್ನನ್ನು ಗೂಟಕ್ಕೆ ಇದ್ದ ಹಾಗೇ ಹಾಕಿದ. ಅದರ ಅಂಚಿಗೆ ನೀಲಿ ಹತ್ತಿದ್ದನ್ನು ಮಾತ್ರ ಅವನು ಗಮನಿಸಲಿಲ್ಲ.

ಮೂರು ದಿನ ತಲೆ ಎತ್ತದೆ ಹೊಲಿದ. ಬೆರಳು ನಾಲ್ಕು ಕಡೆ ಚುಚ್ಚಿಸಿಕೊಂಡ. ಹೊಲಿಗೆ ಸ್ವಲ್ಪ ಸೊಟ್ಟಗಾದರೂ ಬಿಚ್ಚಿದ, ಮತ್ತೆ ಹೊಲಿದ. ಮುಗಿದಾಗ ಪೇಟೆಯ ಅಂಗಡಿಯಲ್ಲೂ ಅಂಥದು ಸಿಗಲಾರದು ಅನ್ನಿಸಿತು.

ಅಜ್ಜ ಅದನ್ನು ಕೈಗೆ ತಗೊಳ್ಳಲಿಲ್ಲ. ಅಂಗೈ ಚಾಚಿದರು.

"ದಾರ?"

ಮುರಿಗೆಪ್ಪ ನೆಲ ನೋಡಿದ.

"ಕಳೀತ್ರಿ ಅಜ್ಜಾರ."

"ಹುಡುಗಿ ಕಳದಿಲ್ಲಲ್ಲ," ಎಂದರು ಅಜ್ಜ. ಮರುದಿನ ಸೋಮವಾರ. ಅವಳಿಗೇ ಕೊಡು ಎಂದು ಸನ್ನೆ ಮಾಡಿ ಎದ್ದುಹೋದರು.

ಸೋಮವಾರ ಅಡುಗೆಮನೆಯಲ್ಲಿ ಮುರಿಗೆಪ್ಪನ ಏಪ್ರನ್ ಕೈಯಿಂದ ಕೈಗೆ ಹೋಯಿತು. ರೊಟ್ಟಿ ಬಡಿಯಲು ಬಂದ ಹೆಂಗಸರೆಲ್ಲ ಹೊಲಿಗೆ ಮುಟ್ಟಿ ನೋಡಿದರು. ಕೈ ಅಂದರೆ ಇದು ಎಂದಳು ಬಾಳಮ್ಮ. ಮುರಿಗೆಪ್ಪ ಅವಳತ್ತ ನೋಡಲೇ ಇಲ್ಲ. ಈ ಮಾತು ಕಾಡಪ್ಪನ ಕಿವಿಗೆ ಬಿತ್ತೋ ಇಲ್ಲವೋ ಎಂದು ನೋಡಿದ. ಕಾಡಪ್ಪ ಬಾಗಿಲಲ್ಲಿ ಕಟ್ಟಿಗೆ ಒಡೆಯುತ್ತಿದ್ದ. ಭಾಳ ಚೊಲೊ ಆಗೇತಿ ಅಣ್ಣಾ ಎಂದು ಅಲ್ಲಿಂದಲೇ ಕೂಗಿದ. ಅದನ್ನೂ ಮುರಿಗೆಪ್ಪನಿಗೆ ಸಹಿಸಲಾಗಲಿಲ್ಲ.

ಇಬ್ಬರು ಹುಡುಗಿಯರೂ ಏಪ್ರನ್ ತೊಟ್ಟು ಕೂತರು.

ರುದ್ರವ್ವ ದುಂಡುದುಂಡಗಿನ ಹುಡುಗಿ, ಎಡಗೈಯವಳು. ಎಡಗೈಯಿಂದ ರೊಟ್ಟಿ ತಟ್ಟುವುದು, ಎಡಗೈಯನ್ನು ಕಿಸೆಗೆ ಹಾಕಿ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಳ್ಳುವುದು. ಸ್ವಲ್ಪ ಹೊತ್ತಿಗೆ ತಾನು ಏಪ್ರನ್ ತೊಟ್ಟಿದ್ದೇನೆ ಅನ್ನುವುದೇ ಅವಳಿಗೆ ಮರೆತುಹೋಯಿತು.

ಇಂದವ್ವನಿಗೆ ಮರೆಯಲಿಲ್ಲ. ಕೊರಳಪಟ್ಟಿ ಜಾರಿ ಎಡಭುಜಕ್ಕೆ ಬಂತು. ಅವಳು ಎಳೆದುಕೊಂಡಳು. ಮತ್ತೆ ಜಾರಿತು. ಬಲಗೈಯಲ್ಲಿ ಕಿಸೆ ಹುಡುಕಿದಳು, ಸಿಗಲಿಲ್ಲ. ಮುರಿಗೆಪ್ಪ ನೋಡುತ್ತಿದ್ದದ್ದು ಕಂಡು ಅವಳು ನಕ್ಕಳು.

"ಚೊಲೊ ಐತಿ ಕಾಕಾ," ಎಂದಳು. ಒಂದು ಕೈಯಲ್ಲಿ ಏಪ್ರನ್ ಹಿಡಿದುಕೊಂಡಳು, ಒಂದೇ ಕೈಯಲ್ಲಿ ರೊಟ್ಟಿ ತಟ್ಟಿದಳು. ರೊಟ್ಟಿ ಹರಿಯಿತು.

ಬಾಳಮ್ಮ ಹಿಟ್ಟಿನ ಬುಟ್ಟಿ ಈಚೆ ತಾ ಎಂದಳು. ಇಂದವ್ವ ಎರಡೂ ಕೈಯಲ್ಲಿ ಬುಟ್ಟಿ ಎತ್ತಿಕೊಂಡಳು. ಹಿಡಿಯಲು ಕೈ ಉಳಿಯದೆ ಏಪ್ರನ್ ಕಾಲಿನ ತನಕ ಇಳಿಯಿತು. ಅಂಚು ತುಳಿದಳು, ಮುಗ್ಗರಿಸಿದಳು. ಬುಟ್ಟಿಯ ಹಿಟ್ಟೆಲ್ಲ ನೆಲದ ಪಾಲಾಯಿತು.

ಬಾಳಮ್ಮನಿಗೆ ಸಿಟ್ಟು ಬಂತು. ಇಷ್ಟು ಚೊಲೊ ಹೊಲಿದುಕೊಟ್ಟರೆ ತೊಡಲಿಕ್ಕೆ ಬರುವುದಿಲ್ಲವೇ, ರುದ್ರಿಯನ್ನು ನೋಡಿ ಕಲಿ ಎಂದು ಬೈದಳು. ಇಂದವ್ವ ಅಳಲಿಲ್ಲ. ಕೆಳದುಟಿ ಕಚ್ಚಿಕೊಂಡು ಹಿಟ್ಟು ಬಳಿಯತೊಡಗಿದಳು.

ತಪ್ಪು ತನ್ನದು ಎಂದು ಹೇಳಲು ಮುರಿಗೆಪ್ಪನಿಗೆ ಬಾಯಿ ಬರಲಿಲ್ಲ. ಬಾಗಿಲಲ್ಲಿ ಕಾಡಪ್ಪ ಇದ್ದ. ಅವನ ಎದುರಿಗೆ ಹೇಗೆ ಹೇಳುವುದು.

ಹಿಟ್ಟು ಬಳಿದು ಇಂದವ್ವ ಎದ್ದಳು. ಏಪ್ರನ್ ಬಿಚ್ಚಿ, ಕೊಡವಿ, ನೀಟಾಗಿ ಮಡಚಿ, ಮುರಿಗೆಪ್ಪನ ಕೈಗೆ ಕೊಟ್ಟಳು.

"ಕಾಕಾ, ಇದು ನಂದಲ್ಲ," ಎಂದಳು. "ರುದ್ರೀದು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ಇದ್ದದ್ದನ್ನು ಹೇಳಿದ್ದಳು. ರುದ್ರವ್ವ ತೊಟ್ಟು ನೋಡಿದಳು. ಸ್ವಲ್ಪ ದೊಡ್ಡದು, ಆದರೂ ಕೂತಿತು. ಕಿಸೆ ಸರಿಯಾಗಿ ಅವಳ ಎಡಗೈಗೇ ಸಿಕ್ಕಿತು.

ಊಟದ ಪಂಕ್ತಿ ಮುಗಿದ ಮೇಲೆ ಮುರಿಗೆಪ್ಪ ಅಜ್ಜನ ಮುಂದೆ ಹೋಗಿ ಕೂತ.

"ನನಗ ಹೊಟ್ಟಿಕಿಚ್ಚು ಐತ್ರಿ ಅಜ್ಜಾರ," ಎಂದ.

ಅಜ್ಜ ತಮ್ಮ ಹೆಬ್ಬೆರಳು ತೋರಿಸಿದರು. ಉಗುರಿನ ಸಂದಿಯಲ್ಲಿ ಸೀಮೆಸುಣ್ಣದ ನೀಲಿ ಇನ್ನೂ ಸ್ವಲ್ಪ ಉಳಿದಿತ್ತು.

"ಗೊತ್ತೈತಿ. ಕಾಡಪ್ಪಗ ಕಾಣೂಕಿಂತ ಮೊದಲ ಒರಸಿಟ್ಟೆ."

ಮುರಿಗೆಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಎಲ್ಲವನ್ನೂ ಹೇಳಿಕೊಂಡ. ದಾರ ಕಳೆದದ್ದಲ್ಲ, ಗಂಟೇ ಹಾಕಿರಲಿಲ್ಲ ಎಂದ. ಒಂದು ಬೆರಳು ಯಾಕೆ ಹೆಚ್ಚಿಗೆ ಬಿಟ್ಟೆ ಎಂದೂ ಹೇಳಿದ. ಮಗು ಬೈಸಿಕೊಳ್ಳುವಾಗ ಬಾಯಿ ಮುಚ್ಚಿಕೊಂಡು ನಿಂತದ್ದನ್ನೂ ಮುಚ್ಚಿಡಲಿಲ್ಲ. ಅಜ್ಜ ಕೇಳಿ ಮುಗಿಸಿ ಎದ್ದರು, ಮರದ ಪೆಟ್ಟಿಗೆ ತೆರೆದರು, ಕಾವಿ ಬಟ್ಟೆ ಹೊರತೆಗೆದರು.

ಅದನ್ನು ಮುರಿಗೆಪ್ಪನ ತೊಡೆಯ ಮೇಲಿಟ್ಟರು. ಅದರ ಮೇಲೆ ಕತ್ತರಿ ಇಟ್ಟರು.

ನಾಲ್ಕು ವರ್ಷ ಬೇಡಿದ್ದು ಈಗ, ಈ ಮುಖ ಹೊತ್ತುಕೊಂಡು ಕೂತ ಹೊತ್ತಿನಲ್ಲಿ, ತೊಡೆಯ ಮೇಲೆ ಬಂದು ಬಿದ್ದಿತ್ತು. ಹೊಸ ನೂಲಿನ ವಾಸನೆ ಮೂಗಿಗೆ ಬಡಿಯಿತು.

"ಚೌಕಳಿ ಬಟ್ಟಿ ಮುಗೀತು," ಎಂದರು ಅಜ್ಜ. "ಆ ಹುಡುಗಿಗೆ ಇದರಾಗ ಹೊಲಿ."

ಮುರಿಗೆಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಇದು ನಿಮ್ಮ ಅಂಗೀದು ಅಜ್ಜಾರ."

"ಹೌದು. ಅದಕ್ಕ ಈ ಸಲ ಅಳೀತಿ."

ಇದನ್ನು ಕತ್ತರಿಸಿದರೆ ಉಳಿದದ್ದರಲ್ಲಿ ನಿಲುವಂಗಿ ಆಗುವುದಿಲ್ಲ, ನಿಮ್ಮ ಅಂಗಿಯ ಮೊಣಕೈ ಹರಿದಿದೆ, ಮಳೆಗಾಲ ಬಂತು ಎಂದು ಮುರಿಗೆಪ್ಪ ಏನೇನೋ ಹೇಳಿದ. ಬೇರೆ ಬಟ್ಟೆ ತರುತ್ತೇನೆ ಎಂದ. ಕಾಡಪ್ಪನೇ ಬೇಕಾದರೆ ನಿಮ್ಮ ಅಂಗಿ ಹೊಲಿಯಲಿ, ಇದನ್ನು ಮಾತ್ರ ಕತ್ತರಿಸಲಾರೆ ಎಂದೂ ಅಂದ. ಹಾಗೆ ಅಂದದ್ದು ತನ್ನ ಬಾಯಿಯೇ ಎಂದು ಅವನಿಗೇ ಆಶ್ಚರ್ಯವಾಯಿತು. ಅಜ್ಜ ಇಂದವ್ವನನ್ನು ಕೂಗಿ ಕರೆದರು.

ಇಂದವ್ವ ಬಂದಳು. ಎಡ ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡಿದ್ದಳು. ಅವನನ್ನು ಇಳಿಸಿ ಅಜ್ಜನ ಹತ್ತಿರ ಕೂರಿಸಿ, ಮುರಿಗೆಪ್ಪನ ಮುಂದೆ ಮೊದಲಿನ ಹಾಗೇ ಎರಡೂ ತೋಳು ಎತ್ತಿ ನಿಂತಳು.

ಮುರಿಗೆಪ್ಪ ದಾರ ತಗೊಂಡ. ಕೊರಳಿನಿಂದ ಸೊಂಟಕ್ಕೆ ಹಿಡಿದ, ಗಂಟು ಹಾಕಿದ. ಮೊಣಕಾಲಿಗೆ ಹಿಡಿದ, ಗಂಟು ಹಾಕಿದ. ಭುಜದಿಂದ ಭುಜಕ್ಕೆ ಹಿಡಿದಾಗ ದಾರ ಓರೆಯಾಯಿತು. ಮತ್ತೆ ಹಿಡಿದ. ಮತ್ತೂ ಓರೆ. ದಾರದ ತಪ್ಪಲ್ಲ ಎಂದು ಆಗ ಗೊತ್ತಾಯಿತು. ತಮ್ಮನನ್ನು ದಿನವೂ ಎತ್ತಿ ಎತ್ತಿ ಹುಡುಗಿಯ ಒಂದು ಭುಜ ಇನ್ನೊಂದಕ್ಕಿಂತ ಒಂದು ಬೆರಳು ತಗ್ಗಿತ್ತು.

ಅವಳು ಎಷ್ಟೋ ತಿಂಗಳಿಂದ ವಾರವಾರವೂ ಮಠಕ್ಕೆ ಬರುತ್ತಿದ್ದಳು. ಮುರಿಗೆಪ್ಪ ಅದನ್ನು ಕಂಡಿರಲಿಲ್ಲ. ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಎರಡೂ ಭುಜಕ್ಕೆ ಬೇರೆ ಬೇರೆ ಗಂಟು ಹಾಕಿದ.

ಕಾವಿ ಬಟ್ಟೆ ಹಾಸಿದ. ಗಂಟುಗಳನ್ನು ಒಂದೊಂದೇ ಬಟ್ಟೆಯ ಮೇಲಿಟ್ಟು ಗುರುತು ಹಾಕಿದ. ಕತ್ತರಿ ಎತ್ತಿದ, ಒಂದು ಕ್ಷಣ ತಡೆದ, ಕತ್ತರಿಸಿದ. ಹೊಸ ಬಟ್ಟೆ ಸರ್ರನೆ ಸೀಳಿತು. ಇಂದವ್ವ ಬಗ್ಗಿ ನೋಡುತ್ತಿದ್ದಳು. ಕಿಸೆ ಈ ಕಡೆ ಇರಲಿ ಎಂದು ಬಲಗೈಯಿಂದ ತೋರಿಸಿದಳು. ಆಗಲಿ ಎಂದ ಮುರಿಗೆಪ್ಪ.

ಅಷ್ಟರಲ್ಲಿ ಕಾಡಪ್ಪ ಒಳಗೆ ಬಂದ. ಅವನ ಕೈಯಲ್ಲಿ ಅಜ್ಜನ ಹಳೆಯ ನಿಲುವಂಗಿ ಇತ್ತು. ಹೊಳೆಯಲ್ಲಿ ಒಗೆದು ತಂದಿದ್ದ. ಹರಿದ ಮೊಣಕೈಗೆ ಚೌಕಳಿ ಚಿಂದಿಯ ತೇಪೆ ಹಾಕಿದ್ದ. ತೇಪೆ ಸೊಟ್ಟಗಿತ್ತು. ಅಜ್ಜ ಅದನ್ನು ತಗೊಂಡು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಅರಳಿತು.

ಮುರಿಗೆಪ್ಪನ ಕತ್ತರಿ ನಿಂತಿತು. ಕಣ್ಣು ತಾನೇ ತಾನಾಗಿ ಅಜ್ಜನ ಮುಖದತ್ತ ಹೋಯಿತು, ಅಲ್ಲಿಂದ ಕಾಡಪ್ಪನತ್ತ ಹೋಯಿತು. ಹೊಟ್ಟೆಯೊಳಗಿನ ಕಿಚ್ಚು ಆರಿರಲಿಲ್ಲ.

ಅಜ್ಜ ತಲೆ ಎತ್ತದೆ ತೇಪೆಯ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು.

"ಕಾಡಪ್ಪ ಎಲ್ಲಿಗೂ ಹೋಗಂಗಿಲ್ಲ, ತಮ್ಮಾ, ಅವನ್ನ ಆಮ್ಯಾಲ ನೋಡು," ಎಂದರು. "ಹುಡುಗಿ ಬೆಳಿಯಾಕತ್ತಾಳ."